ಹಲ್ಲಿನ ಡಾಕ್ಟರ ಕಡಲಿನಲ್ಲಿ ಹುಲ್ಲು

"ಭಾವಾ, ತೊಟ್ಟಿ ಹಿಂದೆ ಏನು ಮೂಸ್ತಿದೀರಾ, ಬೆಕ್ಕಿನ ಹಾಗೆ?"

ನಾದಿನಿಯ ದನಿ ಕೇಳಿದ್ದೇ ಗಿಣಿಯಣ್ಣ ಕೈಯಲ್ಲಿದ್ದುದನ್ನು ಜೇಬಿಗೆ ಇಳಿಬಿಟ್ಟು, ಬೆಕ್ಕಿನ ದನಿಯಲ್ಲೇ "ಮ್ಯಾಂವ್" ಎಂದ. ತೊಟ್ಟಿಯೊಳಗಿದ್ದ ಕಿತ್ತಳೆ ಬಣ್ಣದ ಪಟ್ಟೆಮೀನು ಹೆದರಿ ಕಲ್ಲಿನ ಹಿಂದೆ ಸರಿಯಿತು. ನಂಬುವುದಿಲ್ಲವೇ? ಇದು ನಡೆದದ್ದೇ. ಈ ಕತೆಯಲ್ಲಿ ಸುಳ್ಳು ಹೇಳುವವರು ಇದ್ದಾರೆ, ಆದರೆ ಅವರೆಲ್ಲ ಕತೆಯ ಒಳಗಿದ್ದಾರೆ.

ಜೇಬಿಗೆ ಇಳಿದದ್ದು ಹಲ್ಲುಜ್ಜುವ ಬ್ರಷ್. ಇನ್ನೂ ಒದ್ದೆ. ಮೂಸಿದರೆ ಪುದೀನದ ಪೇಸ್ಟು, ಮುಟ್ಟಿದರೆ ಉಪ್ಪು, ಕೂದಲ ಸಂದಿಯಲ್ಲಿ ಹಸಿರು ಎಳೆ. ತೊಟ್ಟಿಯೊಳಗೆ ಎಡಗಡೆಯ ಕಲ್ಲೊಂದು ಮಾತ್ರ ತಿಕ್ಕಿದ ಹಾಗೆ ಚೊಕ್ಕಟವಾಗಿತ್ತು. ಯಾರೋ ಈ ಬ್ರಷ್ಷಿನಿಂದ ಸಮುದ್ರದ ಹಲ್ಲುಜ್ಜಿದ್ದರು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹೊಸ ಉಪ್ಪುನೀರಿನ ಮೀನುತೊಟ್ಟಿಯನ್ನು ಪಾಚಿ ನುಂಗುತ್ತಿದೆ, ನುಂಗಿಸುತ್ತಿರುವವರು ಯಾರು ಎಂದು ಪತ್ತೆಹಚ್ಚಲು ಷಡ್ಡಕನನ್ನೇ ಕರೆಸಿದ್ದಾರೆ. ಹಿಂದಿನ ಕತೆ ಇಷ್ಟು.

ಷಡ್ಡಕ ಎಂದರೆ ಗಿಣಿಯಣ್ಣ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವರಿಗಿಂತ ಚೆನ್ನಾಗಿ ಅವರ ಹಾಗೆ ಮಾತಾಡುತ್ತಿದ್ದನಾದ್ದರಿಂದ ಆ ಹೆಸರು. ಹೊಟ್ಟೆಪಾಡಿಗೆ ಪತ್ತೇದಾರಿಕೆ. ಕಳೆದುಹೋದ ಸ್ಕೂಟರು, ಬಾಡಿಗೆ ಕೊಡದೆ ಓಡಿಹೋದ ಸಂಸಾರ, ಇಂಥವನ್ನು ಹುಡುಕಿ ಬದುಕುತ್ತಿದ್ದ. ಅಕ್ಕನನ್ನು ಇವನು ಮದುವೆಯಾಗಿದ್ದ, ತಂಗಿಯನ್ನು ಹಲ್ಲಿನ ಡಾಕ್ಟರು. ಅಲ್ಲಿಂದಾಚೆಗೆ ಅತ್ತೆಯ ತಕ್ಕಡಿ ಒಂದೇ ಕಡೆ ವಾಲಿ ನಿಂತಿತ್ತು.

"ನನ್ನ ಕಿರಿ ಅಳಿಯ ಸಮುದ್ರಾನೇ ಒಳಗೆ ತಂದಿಟ್ಟಿದಾನೆ" ಎಂದು ಅತ್ತೆ ಫೋನಿನಲ್ಲಿ ಎಲ್ಲರಿಗೂ ಚಿತ್ರ ತೋರಿಸುತ್ತಿದ್ದರು. ಹಿರಿ ಅಳಿಯನ ಮನೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಅದರ ಚಿತ್ರವನ್ನು ಯಾರೂ ತೆಗೆಯಲಿಲ್ಲ.

ಹೀಗಾಗಿ, ಕಾಯುವವರ ಕೋಣೆಯ ಒಂದು ಗೋಡೆಯುದ್ದಕ್ಕೂ ಹೊಳೆಯುತ್ತಿದ್ದ ಆ ತೊಟ್ಟಿಯಲ್ಲಿ, ನೀಲಿ ದೀಪದ ಕೆಳಗೆ, ಹವಳದ ಗುಲಾಬಿ ಕೊಂಬೆಗಳ ನಡುವೆ ಹಸಿರು ಕೂದಲು ಜೊಂಪೆಜೊಂಪೆಯಾಗಿ ತೂಗಾಡುವುದನ್ನು ಮೊದಲ ಸಲ ಕಂಡಾಗ ಗಿಣಿಯಣ್ಣನ ಹೊಟ್ಟೆ ತಣ್ಣಗಾಗಿತ್ತು. ಮುಖದಲ್ಲಿ ಮಾತ್ರ ದುಃಖ. ಅದೂ ಮಿಮಿಕ್ರಿಯೇ.

ಸ್ವಲ್ಪ ಹೊತ್ತಿಗೆ ಮುಂಚೆ ಡಾಕ್ಟರು ಅವನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡಿದ್ದರು.

"ಅಂದ್ರೆ ಏನಪ್ಪಾ ಅಂದ್ರೆ ಅಣ್ಣ," ಎಂದು ಡಾಕ್ಟರು ಬಾಯಿಕವಚದ ಹಿಂದಿನಿಂದಲೇ ಶುರುಮಾಡಿದರು. ಅವರ ಮಾತೆಲ್ಲ ಹಾಗೇ ಶುರುವಾಗುತ್ತಿತ್ತು. "ಹೊಸ ತೊಟ್ಟಿಗೆ ಪಾಚಿ ಬರೋದು ಸಹಜ. ಮೊದ್ಲು ಕಂದು ಬಂತು, ತಾನಾಗೇ ಹೋಯ್ತು. ಆಮೇಲೆ ಈ ಹಸಿರು. ದೀಪ ಉರಿಯೋ ಹೊತ್ತು ಇಳಿಸ್ದೆ. ಮೀನಿಗೆ ಊಟ ಇಳಿಸ್ದೆ. ನಲ್ಲಿ ನೀರು ಒಂದು ಹನಿ ಸೋಕಿಸಿಲ್ಲ, ಶುದ್ಧ ಮಾಡಿದ ನೀರಿಗೇ ಉಪ್ಪು ಕಲಸಿ ವಾರವಾರ ಬದಲಾಯಿಸ್ತೀನಿ. ಪಾಚಿ ಮೇಯಲಿ ಅಂತ ಬಸವನಹುಳ ಬಿಟ್ಟೆ. ಅವೇ ಸುಸ್ತಾದ್ವು."

"ಪಾಪ," ಎಂದ ಗಿಣಿಯಣ್ಣ. ಆ 'ಪಾಪ'ಕ್ಕೆ ಎಷ್ಟು ಸಕ್ಕರೆ ಬೆರೆಸಿದ್ದನೆಂದರೆ ಡಾಕ್ಟರು ಹಲ್ಲು ಹುಳುಕಾದೀತೆಂದು ಹೆದರಬೇಕಿತ್ತು.

ಡಾಕ್ಟರು ಗಾಜಿನ ಸಣ್ಣ ನಳಿಕೆಯೊಂದನ್ನು ಬೆಳಕಿಗೆ ಹಿಡಿದರು. ತೊಟ್ಟಿಯ ನೀರಿಗೆ ಪರೀಕ್ಷೆಯ ಹನಿ ಹಾಕಿದ್ದರು. ಮಸಿಯಂಥ ನೀಲಿ.

"ಇಷ್ಟು ನೀಲಿ ಅಂದ್ರೆ ನೀರಲ್ಲಿ ಫಾಸ್ಫೇಟ್ ತುಂಬಿದೆ. ಪಾಚಿಗೆ ಅದೇ ಅನ್ನ. ನಾನು ಬಡಿಸ್ತಿಲ್ಲ. ಬಡಿಸ್ತಿರೋದು ಯಾರು? ಹಲ್ಲಿನ ಮೇಲೆ ಕೂರಿಸೋ ಲೋಹದ ಕ್ಯಾಪಿಗೆ ಅಚ್ಚು ಮಾಡೋ ಪುಡಿ ಇದೆಯಲ್ಲ, ಅದ್ರಲ್ಲಿ ಇರೋದು ಫಾಸ್ಫೇಟೇ. ತೊಟ್ಟಿ ಬುಡದಲ್ಲಿ ಆ ಪುಡಿ ಬಿದ್ದಿತ್ತು. ಈ ಕ್ಲಿನಿಕ್ಕಲ್ಲಿ ಅದನ್ನ ಮುಟ್ಟೋನು ದವಡೆ ಒಬ್ಬನೇ."

ದವಡೆ ಎಂದರೆ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಸೆಟ್ ಮಾಡುವ ಕುಶಲಕರ್ಮಿ. ಡಾಕ್ಟರು ಮೊದಲ ಕುರ್ಚಿ ಹಾಕಿದ ದಿನದಿಂದ ಜೊತೆಗಿದ್ದವನು.

"ಬಸವನಹುಳ ತರೋಕೆ ಹೋಗ್ತಿದೀನಿ, ಹಿಂದಿನ ಮೆಟ್ಟಿಲಿಂದ. ಯಾರಿಗೂ ಹೇಳ್ಬೇಡಿ, ಒಳಗಿದೀನಿ ಅಂದ್ಕೊಂಡಿರ್ಲಿ. ಬರೋದ್ರೊಳಗೆ ಬೇರೆ ಯಾರು ಅಂತ ನೀವು ತೋರ್ಸಿದ್ರೆ ಸರಿ. ಇಲ್ಲಾಂದ್ರೆ ದವಡೆಗೆ ಇವತ್ತೇ ಕೊನೇ ದಿನ. ಹವಳ ಸತ್ರೆ ನಾನು ಅವನ ಮುಖ ನೋಡಲ್ಲ."

ಡಾಕ್ಟರು ಹೇಳಿದ್ದರಲ್ಲಿ ಅರ್ಥವಿತ್ತು. ಗಿಣಿಯಣ್ಣನಿಗೆ ಹಿಡಿಸದೇ ಇದ್ದದ್ದು ಅದೇ. ಸಮುದ್ರವನ್ನೂ ಇವರೇ ತರಬೇಕು, ಕಳ್ಳನನ್ನೂ ಇವರೇ ಹಿಡಿಯಬೇಕು ಎಂದರೆ ಪತ್ತೇದಾರನೇನು ಮೀನಿನ ಜೊತೆ ಈಜಬೇಕೇ? ದವಡೆ ತಪ್ಪು ಮಾಡಿರಬಾರದು ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟ. ಅದಕ್ಕೆ ಕಾರಣ ನ್ಯಾಯವಲ್ಲ, ಹೊಟ್ಟೆಕಿಚ್ಚು.

ಜೇಬಿನ ಬ್ರಷ್ಷನ್ನು ತಡವಿಕೊಳ್ಳುತ್ತ ಅವನು ಹಿಂದಿನ ಕೋಣೆಗೆ ಹೋದ.

ದವಡೆ ಮೇಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಕನ್ನಡಕದ ಮೇಲೆ ಪುಡಿ, ಮೀಸೆಯಲ್ಲಿ ಪುಡಿ, ಚಪ್ಪಲಿ ನಡೆದಲ್ಲೆಲ್ಲ ಪುಡಿಯ ಹೆಜ್ಜೆ.

"ಬನ್ನಿ ಗಿಣಿ ಸಾರ್. ಕೈಕೋಳ ತಂದ್ರಾ?"

"ಸೈಜು ಕೇಳೋಣ ಅಂತ ಬಂದೆ," ಎಂದ ಗಿಣಿಯಣ್ಣ. "ತೊಟ್ಟಿ ಬುಡದಲ್ಲಿ ನಿಮ್ಮ ಪುಡಿ ಸಿಕ್ಕಿದೆಯಂತೆ."

"ನನ್ನ ಮನೆ ದಿಂಬಿನ ಮೇಲೂ ಸಿಗುತ್ತೆ. ಹೆಂಡ್ತಿ ಬೈಯ್ತಾಳೆ." ಅವನು ಒಂದು ಕೋರೆಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದು, ತೃಪ್ತಿಯಾಗದೆ ಉಜ್ಜಿದ. "ಆ ಹವಳ ನೋಡಿದೀರಾ ಸಾರ್? ಬಂದ ಪೇಷಂಟಿಗೆಲ್ಲ ತೋರಿಸ್ತಾರೆ. 'ಅಬ್ಬಾ, ಎಂಥ ಗುಲಾಬಿ ನೋಡಿ, ಎಂಥ ಬಿಳಿ ನೋಡಿ!' ನೋಡಿ ಸಾರ್, ಇದು ಗುಲಾಬಿ ಅಲ್ವಾ? ಇದು ಬಿಳಿ ಅಲ್ವಾ?"

ಅವನು ಅಂಗೈಮೇಲೆ ಇಟ್ಟು ತೋರಿಸಿದ ಹಲ್ಲು ಸೆಟ್ ಯಾರ ಬಾಯಿಯನ್ನೂ ಕಾಣದೆಯೇ ನಗುತ್ತಿತ್ತು. ನಿಜಕ್ಕೂ ಚೆಂದವಿತ್ತು.

"ಡಾಕ್ಟ್ರು ಏನಂತಾರೆ?"

"'ಇಟ್ಟು ಹೋಗು' ಅಂತಾರೆ."

ಗಿಣಿಯಣ್ಣ ಆ ಮೀಸೆಯ ಮುಖವನ್ನು ನೋಡಿದ. ಎಲ್ಲೋ ನೋಡಿದ ಮುಖ. ಯೋಚಿಸಿದರೆ, ತನ್ನ ಮನೆಯ ಕನ್ನಡಿಯಲ್ಲಿ. ಇವನನ್ನು ಉಳಿಸಲೇಬೇಕು ಎಂದುಕೊಂಡು ಎದ್ದ.

ಕಾಯುವವರ ಕೋಣೆಯಲ್ಲಿ ಇಬ್ಬರೇ ಇದ್ದರು. ನಾದಿನಿ ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೀನಿನ ಜೊತೆ ದೃಷ್ಟಿಯುದ್ಧ ಮಾಡುತ್ತಿದ್ದಳು. ಪಕ್ಕದಲ್ಲಿ ಗಿಣಿಯಣ್ಣನ ಹೆಂಡತಿ. ಒಂದು ದವಡೆಹಲ್ಲಿಗೆಂದು ವಾರಗಟ್ಟಲೆ ಓಡಾಡಿ, ಕೊನೆಗೆ ಇವತ್ತು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿ ಕೂತಿದ್ದಳು. ಮಾತಾಡಕೂಡದು ಎಂದು ಡಾಕ್ಟರ ಅಪ್ಪಣೆ. ಮದುವೆಯಾದಾಗಿನಿಂದ ಗಿಣಿಯಣ್ಣ ಷಡ್ಡಕನಿಗೆ ಮನಸಾರೆ ಋಣಿಯಾದದ್ದು ಇದೊಂದು ವಿಷಯಕ್ಕೆ.

"ಅಕ್ಕಾ, ಆ ಮೀನನ್ನ ಇವರು ಏನಂತ ಕರೀತಾರೆ ಗೊತ್ತಾ?" ಎಂದಳು ನಾದಿನಿ.

"ಉಂ?"

"ಚಿನ್ನಾ ಅಂತ. ನನ್ನನ್ನ ಎಂದಾದ್ರೂ ಹಾಗೆ ಕರೆದಿದ್ದು ಕೇಳಿದೀಯಾ? ನನಗೆ 'ಏ, ಇವಳೇ'. ಆ ಮೀನಿಗೆ ಕಿವೀನೇ ಇಲ್ಲ, ಅದಕ್ಕೆ 'ಚಿನ್ನಾ'!"

"ಉಂ," ಎಂದಳು ಅಕ್ಕ, ಗಂಡನ ಕಡೆ ಓರೆಯಾಗಿ ನೋಡುತ್ತ. ಆ 'ಉಂ'ಗೆ ಬೇಕಾದಷ್ಟು ಅರ್ಥವಿತ್ತು.

"ಊಟ ತಂದ್ರೆ 'ಅಲ್ಲಿಡು' ಅಂತ ತಿರುಗಿ ನೋಡ್ದೆ ಹೇಳ್ತಾರೆ. ಊಟ ಮಾಡಿ ಆ ಕುರ್ಚೀಲೇ ಒರಗಿ ಗೊರಕೆ. ನಾನು ಇಲ್ಲಿ ಈ ಸವತಿ ಮುಂದೆ ಕೂತಿರ್ಬೇಕು."

ಗಿಣಿಯಣ್ಣನ ತಲೆಯಲ್ಲಿ ಏನೋ ಟಿಕ್ಕೆಂದಿತು. ಡಾಕ್ಟರು ಗೊರಕೆ ಹೊಡೆಯುವ ಹೊತ್ತು. ಖಾಲಿ ಕೋಣೆ. ಗಂಡನಿಗೆ ಗೊತ್ತಾಗದ ಹಾಗೆ ತೊಟ್ಟಿಗೆ ಕೈಹಾಕಬಲ್ಲ ಒಬ್ಬಳು. ಹಲ್ಲಿನ ಡಾಕ್ಟರ ಮನೆಯವರಲ್ಲದೆ ಇನ್ನಾರಿಗೆ ಕಲ್ಲಿಗೆ ಪೇಸ್ಟು ಹಚ್ಚಿ ಉಜ್ಜುವ ಬುದ್ಧಿ ಬರುತ್ತದೆ? ಅದೇ ಡಾಕ್ಟರು ಒಮ್ಮೆ ಊಟದ ನಡುವೆ ಎಲ್ಲರಿಗೂ ಪಾಠ ಮಾಡಿದ್ದರಲ್ಲ, ಕೆಲವು ಪೇಸ್ಟುಗಳಲ್ಲೂ ಫಾಸ್ಫೇಟ್ ಇರುತ್ತದೆ ಎಂದು. ಪಾಚಿ ತೊಳೆಯಲು ಹೋಗಿ ಪಾಚಿಗೇ ಊಟ ಬಡಿಸುತ್ತಿದ್ದಾಳೆ!

ನೇರವಾಗಿ ಕೇಳಿದರೆ ಒಪ್ಪುವವಳಲ್ಲ. ಆದರೆ ಹೊಟ್ಟೆಕಿಚ್ಚಿಗೆ ಒಂದು ದೌರ್ಬಲ್ಯವಿದೆ, ಗಿಣಿಯಣ್ಣನಿಗೆ ಅದು ಅನುಭವದಿಂದ ಗೊತ್ತು. ತನ್ನ ಕೆಲಸಕ್ಕೆ ಬೇರೆಯವರಿಗೆ ಶಾಭಾಸ್ ಸಿಕ್ಕರೆ ಅದಕ್ಕೆ ಒಂದು ನಿಮಿಷವೂ ಬಾಯಿಮುಚ್ಚಿ ಕೂರಲಾಗುವುದಿಲ್ಲ.

ಅವನು ಡಾಕ್ಟರ ಒಳಕೋಣೆಗೆ ಜಾರಿ ಬಾಗಿಲನ್ನು ಬೆರಳಗಲ ತೆರೆದಿಟ್ಟ. ಮೇಜಿನ ಮೇಲೆ ಮುಂದಿನ ಪೇಷಂಟನ್ನು ಕೂಗುವ ಮೈಕು ಇತ್ತು. ಅದರ ಸ್ಪೀಕರ್ ಪೆಟ್ಟಿಗೆ ಹೊರಗೆ ತೊಟ್ಟಿಯ ಮೇಲಿನ ಗೋಡೆಯಲ್ಲಿ. ಗಿಣಿಯಣ್ಣ ಒಂದು ಬಾಯಿಕವಚ ಕಟ್ಟಿಕೊಂಡ, ಗಂಟಲು ಸರಿಮಾಡಿಕೊಂಡ, ಗುಂಡಿ ಒತ್ತಿದ.

"ಅಂದ್ರೆ ಏನಪ್ಪಾ ಅಂದ್ರೆ," ಎಂದಿತು ಗೋಡೆ, ಡಾಕ್ಟರ ದನಿಯಲ್ಲಿ, "ದವಡೆಯವರೇ, ಸ್ವಲ್ಪ ಹೊರಗೆ ಬನ್ನಿ."

ದವಡೆ ಕೈಯೊರೆಸಿಕೊಳ್ಳುತ್ತ ಬಂದ. 'ದವಡೆಯವರೇ' ಎಂಬುದನ್ನು ಕೇಳಿ ತನ್ನ ಹಿಂದೆ ಇನ್ನಾರಾದರೂ ದವಡೆ ಇದ್ದಾನೆಯೇ ಎಂದು ತಿರುಗಿ ನೋಡಿದ.

"ಈ ಎಡಗಡೆ ಕಲ್ಲು ನೋಡಿದೆ. ಪಾಚಿ ತಿಕ್ಕಿ ತಿಕ್ಕಿ ಎಷ್ಟು ಚೊಕ್ಕಟ ಮಾಡಿದೀರಿ! ನನಗೆ ಹೇಳ್ದೆ ಗುಟ್ಟಾಗಿ ಮಾಡಿದೀರಿ, ಆದ್ರೂ ಗೊತ್ತಾಯ್ತು."

ನಾದಿನಿಯ ತೊಡೆಯ ಮೇಲಿನ ಡಬ್ಬಿ ಅಲುಗಿತು.

ಇಷ್ಟು ಸಾಕಿತ್ತು. ಆದರೆ ಗಿಣಿಗೆ ಒಮ್ಮೆ ದನಿ ಹತ್ತಿದರೆ ಇಳಿಯುವುದು ಕಷ್ಟ. "ನಿಮ್ಮ ಕೈಯೇ ಕೈ ದವಡೆಯವರೇ. ನೀವು ಮಾಡೋ ಹಲ್ಲು ನೋಡಿದ್ರೆ ಹುಟ್ಟುಹಲ್ಲಿಗೆ ನಾಚಿಕೆ ಆಗ್ಬೇಕು. ನಾನು ಬಾಯ್ಬಿಟ್ಟು ಹೇಳಿಲ್ಲ, ತಪ್ಪು ನನ್ನದು. ನೀವಿಲ್ದೆ ಈ ಕ್ಲಿನಿಕ್ಕೇ ಬೊಚ್ಚುಬಾಯಿ."

ಬಾಗಿಲ ಸಂದಿಯಿಂದ ಗಿಣಿಯಣ್ಣ ಕಂಡದ್ದು ಇದು: ದವಡೆ ಆ ಪೆಟ್ಟಿಗೆಯ ಕೆಳಗೆ ಕೈಮುಗಿದಂತೆ ನಿಂತಿದ್ದ. ಕನ್ನಡಕ ತೆಗೆದ. ಪುಡಿ ಹತ್ತಿದ ತೋಳಿನಿಂದಲೇ ಕಣ್ಣೊರೆಸಿಕೊಂಡ. ರೆಪ್ಪೆಯೆಲ್ಲ ಬೆಳ್ಳಗಾಯಿತು.

ಅಷ್ಟರಲ್ಲಿ ಡಬ್ಬಿ ಕುರ್ಚಿಯ ಮೇಲೆ ಢಣ್ಣೆಂದಿತು.

"ಅವರಲ್ಲಾ ರೀ!" ನಾದಿನಿ ಗೋಡೆಗೇ ಜಗಳಕ್ಕೆ ನಿಂತಳು. "ತಿಕ್ಕಿದ್ದು ನಾನು! ದಿನಾ ಮಧ್ಯಾಹ್ನ ನೀವು ಗೊರಕೆ ಹೊಡೀವಾಗ ಸೆರಗು ಕಟ್ಟಿ, ಕೈ ಸುಕ್ಕಾಗೋ ತನಕ ತಿಕ್ಕಿದೀನಿ, ನೀವೇ ಹೇಳೋ ಒಳ್ಳೇ ಪೇಸ್ಟು ಹಾಕಿ! ಹೊಗಳಿಕೆ ಮಾತ್ರ ಬೇರೆಯವರಿಗಾ? ಹೊರಗೆ ಬನ್ನಿ, ನಿಮಗೆ ತೋರಿಸ್ತೀನಿ!"

ಹೊರಗೆ ಬಂದದ್ದು ಗಿಣಿಯಣ್ಣ. ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಬಾಯಿಕವಚ.

"ನೀನು ಸಿಕ್ಕಿಬಿದ್ದೆ ನಾದಿನಿ," ಎಂದ ತನ್ನ ಸ್ವಂತ ದನಿಯಲ್ಲಿ.

ಅವಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಆಮೇಲೆ ಕೆಂಪಾದಳು. "ಭಾವಾ! ನೀವಾ? ಥೂ ನಿಮ್ಮ! ಹಾಗಾದ್ರೆ ಅವರು..."

"ಡಾಕ್ಟ್ರು ಒಳಗಿಲ್ಲ, ಬಸವನಹುಳ ತರೋಕೆ ಹೋಗಿದಾರೆ. ಪೇಸ್ಟಲ್ಲಿ ಇರೋದನ್ನ ತಿಂದೇ ಈ ಪಾಚಿ ಕೊಬ್ಬಿರೋದಮ್ಮ. ನೀನು ತಿಕ್ಕಿದಷ್ಟೂ ಅದಕ್ಕೆ ಹಬ್ಬ. ದವಡೆಯವರದ್ದೇನೂ ತಪ್ಪಿಲ್ಲ ಅಂತ ನಾನು ಮೊದಲೇ ಅಂದ್ಕೊಂಡಿದ್ದೆ."

ಅತ್ತೆಯ ಫೋನಿನಲ್ಲಿ ತನ್ನದೊಂದು ಚಿತ್ರ ಆಗಲೇ ಅವನ ಕಣ್ಣಿಗೆ ಬರತೊಡಗಿತ್ತು.

ನಾದಿನಿ ಸೊಂಟದ ಮೇಲೆ ಕೈಯಿಟ್ಟಳು. "ಒಂದು ನಿಮಿಷ ಭಾವ. ನಾನು ತಿಕ್ಕೋಕೆ ಶುರುಮಾಡಿದ್ದು ಯಾಕೆ?"

"ಪಾಚಿ ಇತ್ತಲ್ಲ, ಅದಕ್ಕೆ."

"ಇತ್ತಲ್ಲ! ಅಂದ್ರೆ ಮೊದ್ಲೇ ಇತ್ತು. ಮೊಣಕೈ ಉದ್ದ ಬೆಳೆದ ಮೇಲಲ್ವಾ ನಾನು ಬ್ರಷ್ ಹಿಡಿದಿದ್ದು? ಈ ಸೋಮವಾರದಿಂದ. ಪರೀಕ್ಷೆ ನೀಲಿ ಬರ್ತಿದೆ ಅಂತ ಇವರು ತಲೆ ಚಚ್ಚಿಕೊಳ್ತಿರೋದು ಯಾವಾಗಿಂದ?"

ಗಿಣಿಯಣ್ಣನ ಬಾಯಿ ತೆರೆದೇ ಇತ್ತು. ಅಲ್ಲಿ ಯಾವ ಡಾಕ್ಟರಾದರೂ ಧಾರಾಳವಾಗಿ ಹಲ್ಲು ಎಣಿಸಬಹುದಿತ್ತು. ಪೇಸ್ಟು ತುಪ್ಪ ಸುರಿದಿರಬಹುದು, ಆದರೆ ಬೆಂಕಿ ಹಚ್ಚಿದ್ದು ಅದಲ್ಲ.

ಆಗ ಆ ನಗು ಕೇಳಿಸಿತು.

ದವಡೆ ಪೆಟ್ಟಿಗೆಯ ಕೆಳಗೆ ನಿಂತಲ್ಲೇ ನಿಂತಿದ್ದ. ಮೊದಲು ಭುಜ ಕುಣಿಯಿತು, ಆಮೇಲೆ ಮೀಸೆ. ಮೀಸೆಯಿಂದ ಪುಡಿ ಉದುರಿತು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ, ಕೋಣೆಯೆಲ್ಲ ನಡುಗುವಂತೆ ನಕ್ಕ. ಅದು ಅಂಟಿ ನಾದಿನಿಯೂ ನಕ್ಕಳು. ಗಿಣಿಯಣ್ಣನೂ ಮರ್ಯಾದೆಗೆ ಹಲ್ಲುಕಿರಿದ.

"ಕೈಮುಗೀಬೇಕು ಗಿಣಿ ಸಾರ್ ನಿಮಗೆ," ಎಂದ ದವಡೆ ಉಸಿರು ಸಿಕ್ಕಾಗ. "ಇಷ್ಟು ವರ್ಷಕ್ಕೆ ಒಂದು ಒಳ್ಳೇ ಮಾತು ಕಿವಿಗೆ ಬಿತ್ತು ಅಂದ್ಕೊಂಡ್ರೆ ಅದೂ ಸೆಟ್ ಹಲ್ಲೇ! ಹುಟ್ಟುಹಲ್ಲಲ್ಲ!"

ಗಿಣಿಯಣ್ಣನ ಹಲ್ಲು ಒಳಗೆ ಸೇರಿಕೊಂಡಿತು. "ತಮಾಷೆಗೆ... ನಾದಿನಿ ಬಾಯಿ ಬಿಡಿಸೋಕೆ... ನಿಮ್ಮನ್ನ ಉಳಿಸೋಕೇ ಮಾಡಿದ್ದು ದವಡೆಯವರೇ."

"ನನ್ನನ್ನಾ? ಉಳಿಸೋಕಾ?" ದವಡೆಗೆ ಮತ್ತೆ ನಗು ಉಕ್ಕಿತು. "ಹಾಕಿದ್ದೇ ನಾನಲ್ವಾ ಸಾರ್!"

ನಾದಿನಿ ಎರಡು ಹೆಜ್ಜೆ ಅವನ ಕಡೆ ಬಂದಳು.

"ಏನು ಹಾಕಿದ್ರಿ?" ಎಂದಳು ನಾದಿನಿ.

"ಪುಡೀನಮ್ಮ. ಒಂದು ಸೆಟ್ ಮಾಡಿದ್ದೆ, ನನ್ನ ಕೈಯಲ್ಲಿ ಅಂಥದ್ದು ಇನ್ನೊಂದು ಬರಲ್ಲ. ತೋರಿಸೋಣ ಅಂತ ತಟ್ಟೇಲಿಟ್ಕೊಂಡು ಇಲ್ಲೇ ನಿಂತಿದ್ದೆ. ಡಾಕ್ಟ್ರು ಯಾರಿಗೋ ಹವಳ ತೋರಿಸ್ತಿದ್ರು. 'ನೋಡಿ, ಯಾರ ಕೈಲಾದ್ರೂ ಮಾಡೋಕಾಗುತ್ತಾ ಇಂಥದ್ದನ್ನ?' ಅಂತ. ನನ್ನ ಮುಂದೇನೇ. ನನ್ನ ಕೈಗೆ ಕಣ್ಣು ಹಾಯಿಸ್ಲೇ ಇಲ್ಲ. ಅವರು ಒಳಗೆ ಹೋದ ಮೇಲೆ ಪುಡಿ ಡಬ್ಬಿ ತಂದು ಒಂದು ಚಮಚ ಎಸೆದೆ. ಪಾಚಿ ಹೀಗೆ ಕುಡಿಯೊಡೆಯುತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ, ಹೊಟ್ಟೆ ಉರೀತಿತ್ತು ಅಷ್ಟೇ."

ಗಿಣಿಯಣ್ಣ ಬ್ರಷ್ಷನ್ನು ಮೆಲ್ಲಗೆ ಮತ್ತೆ ಜೇಬಿಗೆ ಇಳಿಬಿಟ್ಟ. ಡಾಕ್ಟರ ಊಹೆ ಸರಿಯಾಗಿತ್ತು. ಈ ಸಲವೂ.

"ಒಂದೇ ಸಲ ಸಾರ್. ಮಾರನೇ ದಿನ ನಾಚಿಕೆ ಆಗಿ ಆ ಡಬ್ಬೀನ ಹೊರಗೆ ಹಾಕೋಣ ಅಂತ ನೋಡ್ತೀನಿ, ಡಬ್ಬಿ ಇಲ್ಲ. ನಾನು ಎಸೆದಿದ್ದನ್ನ ಕಂಡವರೊಬ್ಬರು ಇದ್ರು, ಇಲ್ಲೇ ಕೂತು ತಮ್ಮ ಸರದಿ ಕಾಯ್ತಿದ್ರು. ಆಮೇಲಿಂದ ಅವರು ಬಂದ ದಿನದ ಮಾರನೇ ದಿನವೇ ನೀರಿನ ಪರೀಕ್ಷೆ ಕಡುನೀಲಿ. ನಾನು ಬಾಯಿಬಿಡ್ಲಿಲ್ಲ. ಬಿಟ್ರೆ ಮೊದಲನೇ ಚಮಚ ಯಾರದು ಅಂತ ಬರುತ್ತಲ್ಲ. ಡಾಕ್ಟ್ರು ನನ್ನ ಕಳಿಸೋದಾದ್ರೆ ಆ ಒಂದು ಚಮಚಕ್ಕೆ ಕಳಿಸ್ಲಿ, ಉಳಿದ ಡಬ್ಬಿಗೆ ಅಲ್ಲ."

"ಯಾರು?" ಎಂದ ಗಿಣಿಯಣ್ಣ. ಪ್ರಶ್ನೆ ಬಾಯಿಂದ ಹೊರಟಾಗಲೇ ಅವನಿಗೆ ಉತ್ತರ ಬೇಡವೆನಿಸಿತು.

ದವಡೆ ಬೆರಳು ಮಾಡಲಿಲ್ಲ. ಮರ್ಯಾದಸ್ಥ. ಅವನ ಕಣ್ಣು ಮಾತ್ರ ಮೆಲ್ಲಗೆ, ನಾದಿನಿಯನ್ನು ದಾಟಿ, ಹತ್ತಿ ಕಚ್ಚಿ ಕೂತವಳ ಕಡೆ ಸರಿಯಿತು.

ಒಂದು ಹಲ್ಲಿಗೆ ವಾರಗಟ್ಟಲೆ ಓಡಾಟ.

"ಅಕ್ಕಾ?" ಎಂದಳು ನಾದಿನಿ.

"ಉಂ," ಎಂದಳು ಅಕ್ಕ. ಅವಳ ಕೈ ಮಡಿಲ ಚೀಲವನ್ನು ಬಿಗಿಯಾಗಿ ಹಿಡಿದಿತ್ತು. ಚೀಲದಲ್ಲಿ ಡಬ್ಬಿಯಂಥ ದುಂಡಗಿನ ಏನೋ ಉಬ್ಬಿತ್ತು.

ಊಟಕ್ಕೆ ಕೂತಾಗಲೆಲ್ಲ ಗಿಣಿಯಣ್ಣ ಅತ್ತೆಯ ದನಿಯಲ್ಲೂ ಷಡ್ಡಕನ ದನಿಯಲ್ಲೂ ಆ ತೊಟ್ಟಿಯ ನಾಟಕ ಆಡಿ ತೋರಿಸಿದ್ದ. 'ಅದು ಹಾಳಾಗಿ ಹೋಗ್ಬಾರದಾ' ಎಂದು ಪ್ರತಿ ಸಲವೂ ಮುಗಿಸಿದ್ದ. ಅವಳು ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ನಗುತ್ತಿರಲಿಲ್ಲ.

ಹಿಂದಿನ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಒಳಕೋಣೆಯ ಬಾಗಿಲು ತೆರೆದು ಡಾಕ್ಟರು ಬಂದರು. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಅಂಟಿಕೊಂಡ ಬಸವನಹುಳಗಳು.

"ಅಂದ್ರೆ ಏನಪ್ಪಾ ಅಂದ್ರೆ ಅಣ್ಣ, ಯಾರು ಅಂತ ಗೊತ್ತಾಯ್ತಾ? ಇಲ್ಲಾ ದವಡೆ ಲೆಕ್ಕ ಮುಗಿಸ್ಲಾ?"

ಗಿಣಿಯಣ್ಣನ ಹೆಂಡತಿ ನಿಧಾನವಾಗಿ ಬಾಯಿಂದ ಹತ್ತಿ ತೆಗೆದಳು, ಮಡಿಸಿದಳು, ಗಂಡನ ಕಣ್ಣಿಗೆ ಕಣ್ಣಿಟ್ಟು ಕೇಳಿದಳು:

"ನೀವು ಹೇಳ್ತೀರಾ, ನಾನೇ ಹೇಳ್ಲಾ? ಹೇಳೋದಾದ್ರೆ ನಿಮ್ಮ ದನೀಲಿ ಹೇಳಿ."

ದವಡೆ ಬಾಯಿಗೆ ಕೈ ಅ‌ಡ್ಡ ಹಿಡಿದ. ತಡೆಯಲಾಗಲಿಲ್ಲ. ಕೆಲಸ ಹೋಗಲಿದ್ದ ಆ ಮನುಷ್ಯ, ಪುಡಿ ಮೆತ್ತಿದ ರೆಪ್ಪೆಗಳಿಂದ ನೀರು ಸುರಿಸುತ್ತ, ಮತ್ತೆ ಗಹಗಹಿಸಿ ನಕ್ಕ. ಡಾಕ್ಟರು ಇಷ್ಟು ವರ್ಷಗಳಲ್ಲಿ ಮೊದಲ ಸಲ ತಿರುಗಿ ಅವನ ಮುಖವನ್ನು ನೋಡಿದರು.